ಟಾನಿಕ್ ಚೆಲ್ಲಿದವಳ ರಕ್ತ

ಆಸ್ಪತ್ರೆಯಲ್ಲಿ ತನ್ನ ಸಕ್ಕರೆಯ ರಿಪೋರ್ಟಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ತಾಯಿ-ಮಗಳ ಮಾತು ಬಿತ್ತು.

"ಹಿಮೋಗ್ಲೋಬಿನ್ ಹದಿನೆಂಟೂವರೆ! ಚಿಕ್ಕೋಳಿದ್ದಾಗ ಎಂಟು ದಾಟಿದ್ರೆ ಕೇಳು. ಕೆಂಪಾಯ್ತಾ ಅಂತ ದಿನಾ ನಿನ್ನ ಕಣ್ಣಿನ ರೆಪ್ಪೆ ಎಳೆದು ನೋಡ್ತಿದ್ದೆ."

"ನೀನು ಕೊಟ್ಟ ಟಾನಿಕ್ಕೆಲ್ಲಾ ಕಿಟಕಿ ಗಿಡಕ್ಕೆ ಸುರೀತಿದ್ದೆ ಕಣಮ್ಮಾ."

"ಗೊತ್ತಿತ್ತು ಬಿಡೇ. ಬೀದೀಲೆಲ್ಲಾ ಅಂಥ ಸೊಂಪಾದ ಗಿಡ ಇನ್ನೊಂದಿರ್ಲಿಲ್ಲ."

ಇಬ್ಬರೂ ನಕ್ಕರು. ದರ್ಜಿಗೂ ತನ್ನ ತಾಯಿ ಟಾನಿಕ್ ಕುಡಿಸುತ್ತಿದ್ದ ಚಮಚ ನೆನಪಾಗಿ ನಗು ಬಂತು.

"ಈಗ್ಯಾಕಂತೆ ಇಷ್ಟು ಏರಿರೋದು?"

"ಎರಡು ವರ್ಷದಿಂದ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿದ್ದೀನಲ್ಲ, ಅಲ್ಲಿ ಗಾಳಿ ತೆಳು. ಅದಕ್ಕೆ ಮೈ ತಾನೇ ರಕ್ತ ಹೆಚ್ಚಿಸ್ಕೊಂಡಿರಬಹುದಂತೆ. ನೀರು ಕಮ್ಮಿ ಕುಡಿದ್ರೂ ಏರುತ್ತಂತೆ. ಅಲ್ಲದಿದ್ರೆ ಶ್ವಾಸಕೋಶ, ಮೂಳೆ ಮಜ್ಜೆ ಎಲ್ಲಾ ನೋಡ್ಬೇಕಂತೆ. ಸಿಗರೇಟು ಸೇದ್ತೀಯಾ ಅಂತಾನೂ ಕೇಳಿದ್ರು."

"ಏನಂದೆ?"

"ಇಲ್ಲ ಅಂದೆ."

ತಾಯಿ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದಳು.

"ನಿಮ್ಮಪ್ಪನೂ ಹಾಗೇ ಅಂತಿದ್ರು, ಪಾಪ. ಅವರ ಅಂಗಿ ಒಗೀತಿದ್ದೋಳು ನಾನು. ನಿನ್ನೆ ನಿನ್ನ ಸ್ವೆಟರೂ ಒಗೆದೆ."

ಮಗಳು ತಲೆ ತಗ್ಗಿಸಿದಳು.

"ಏಳು. ಡಾಕ್ಟರಿಗೆ ನಿಜ ಹೇಳಿ ಬರೋಣ."

"ನೀನು ಬಯ್ಯಲ್ವಾ?"

"ಅದು ಮನೇಲಿ. ಈಗ ನಡಿ."

ಮಗಳು ತಾಯಿಯ ಕೈ ಹಿಡಿದುಕೊಂಡೇ ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು.