ಎತ್ತಿಕೊಳ್ಳದ ಅಪ್ಪ

ಮಕ್ಕಳ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ. ಅವಳ ಮಡಿಲಲ್ಲಿ ಹೆಣ್ಣುಕೂಸು.

“ಕೆಲಸದಿಂದ ಬಂದವರೇ ಬಚ್ಚಲಿಗೆ ಓಡ್ತೀರಿ. ಇವಳನ್ನ ಎತ್ಕೊಳ್ಳೋದೇ ಇಲ್ಲ. ಮಗು ಅಂದ್ರೆ ಅಷ್ಟು ಬೇಸರಾನಾ?”

“ಎಂಥ ಮಾತು ಮಾರಾಯ್ತಿ! ಫ್ಯಾಕ್ಟರೀಲಿ ಪ್ಯಾರಾಫಿನ್ ಎಣ್ಣೆಗೆ ಕ್ಲೋರಿನ್ ಗ್ಯಾಸ್ ಹಾಯಿಸ್ತೀವಿ. ಕ್ಲೋರಿನ್ ಸೇರಿದ ಆ ಎಣ್ಣೆ ಬಟ್ಟೆಗೆಲ್ಲ ಅಂಟಿರುತ್ತೆ.”

“ಅಂಟಿದ್ರೇನು?”

“ಅದರ ಅಣುವಿನಲ್ಲಿರೋ ಇಂಗಾಲದ ಸರಪಳಿ ಎಷ್ಟುದ್ದ ಅಂತ ನೋಡಿ ಅದನ್ನ ಗಿಡ್ಡ, ಮಧ್ಯಮ, ಉದ್ದ ಅಂತ ವಿಂಗಡಿಸ್ತಾರೆ. ಗಿಡ್ಡದ್ದು ತುಂಬಾ ಕೆಟ್ಟದ್ದು. ಮೈಗೆ ಸೇರಿದ್ರೆ ಬೇಗ ಬಿಟ್ಟುಹೋಗಲ್ಲ.”

“ನೀವು ಮಾಡೋದು?”

“ಮಧ್ಯಮ. ಅದೂ ಸಾಚಾ ಅಲ್ಲ ಅಂತಾರೆ. ಅದಕ್ಕೇ ಉಜ್ಜಿ ಉಜ್ಜಿ ಸ್ನಾನ ಮಾಡ್ತೀನಿ. ಅಷ್ಟರಲ್ಲಿ ಇವಳು ಮಲಗಿಬಿಟ್ಟಿರ್ತಾಳೆ.”

ಅವಳು ಕೂಸಿನ ಕುಲಾವಿ ಸರಿಮಾಡಿದಳು.

“ಒಂದು ಮಾತು ಹೇಳಬಾರದಿತ್ತಾ?”

“ಬಾಣಂತಿ, ಹೆದರ್ತೀಯ ಅಂತ.”

“ಇವತ್ತು ರಜಾ ತಾನೇ? ಹಿಡ್ಕೊಳ್ಳಿ.”

ನರ್ಸ್ ಅವರ ಸರದಿ ಕೂಗಿದಳು. ಅವನು ಕೂಸನ್ನು ಎದೆಗವಚಿಕೊಂಡು, ಒಂದೊಂದೇ ಹೆಜ್ಜೆಯಿಡುತ್ತ ಒಳಗೆ ಹೋದ.