ಕಿಟ್ ತುಂಬುವಷ್ಟು ರೋಗಿಗಳು

“ಹಂಗಾರ ಇನ್ನಷ್ಟು ಮಂದಿಗೆ ಜಡ್ಡು ಬರ್ಲಿ ಅಂತ ಕಾಯ್ಬೇಕೇನ್ರಿ?” ಶಿರಸಿಯ ಲ್ಯಾಬಿನ ಕಿಟಕಿಯ ಮುಂದೆ ಬನವಾಸಿ ಕಡೆಯ ಪಾರ್ವತವ್ವ ಗುಡುಗಿದಳು. ಬೆಂಚಿನ ಮೇಲೆ ಅವಳ ಗಂಡನ ಜೊತೆ ಕೂತಿದ್ದ ನಾವೆಲ್ಲ ತಲೆ ಎತ್ತಿದೆವು.

“ಅಮ್ಮಾ, ರಕ್ತದಲ್ಲಿ ಡಾಕ್ಟರು ಬರೆದ ಆ ಪ್ರೊಟೀನ್ ಅಳೆಯೋ ಕಿಟ್ ಒಬ್ಬರಿಗೇ ಅಂತ ಒಡೆದರೆ ಉಳಿದದ್ದು ಹಾಳು,” ಎಂದ ಲ್ಯಾಬಿನ ನಂದನ. “ಇನ್ನೂ ಐದಾರು ಜನರ ರಕ್ತ ಸೇರಬೇಕು.”

“ಅದನ್ನ ನೋಡೇ ಡಾಕ್ಟರು ನಮ್ಮ ಯಜಮಾನ್ರ ಲಿವರಿನ ಗಂಟು ಎಂಥಾದ್ದಂತ ಹೇಳ್ತಾರ. ಗಂಟು ನಿಮ್ಮ ಮಂದಿಗೆ ಕಾಯ್ತದೇನು?”

“ಸೋಮವಾರ ಬನ್ನಿ.”

“ಹೋದ ಸೋಮವಾರನೂ ಇದನ್ನೇ ಹೇಳಿದ್ರಿ!”

“ಯಾರೂ ಬರದಿದ್ದರೆ ನಾನೆಂತ ಮಾಡ್ಲಿ?”

ಪಾರ್ವತವ್ವ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. “ಏಳ್ರಿ, ಹುಬ್ಬಳ್ಳಿಗೆ ಹೋಗೂಣು. ಅಲ್ಲಿ ರೋಗಿಗಳಿಗೆ ಬರ ಇಲ್ಲ.”

“ಅಮ್ಮಾ, ರಕ್ತ ಕೊಟ್ಟಾಗಿದೆಯಲ್ಲ!”

“ನೀವೇ ಇಟ್ಕೋರಿ. ಲೆಕ್ಕಕ್ಕೆ ಒಂದಾದ್ರೂ ಆಗ್ಲಿ.”

ಗಂಡನನ್ನು ನಡೆಸಿಕೊಂಡು ಮೆಟ್ಟಿಲಿಳಿದವಳು ತಿರುಗಿ ನೋಡಲಿಲ್ಲ.