ಮಡಿಯ ಮಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಗುಡಿಯ ಸೇವಾ ಸಮಿತಿಯ ಹಿರಿಯರೇ, ಇಳಕಲ್ಲಿನ ನೇಕಾರ ಬಂಧುಗಳೇ, ಬಾಯಿಗೆ ಸೆರಗು ಹಿಡಿದು ನಗುತ್ತಿರುವ ತಾಯಂದಿರೇ, ಸಭಿಕರೇ,

ನಾನು ಹುಚ್ಚೇಶ, ಸೀರೆ ವ್ಯಾಪಾರಿ. ರೇಷ್ಮೆ ಎಂದು ಯಾರು ಹೇಳಿದರೂ ಎಳೆ ಕಿತ್ತು, ಸುಟ್ಟು, ಮೂಸಿ ನೋಡುವ ಕಸುಬು ನನ್ನದು. ಹೊಗಳಿಕೆಯನ್ನೂ ಹಾಗೆಯೇ ಮೂಸುತ್ತೇನೆ, ಕ್ಷಮಿಸಬೇಕು. ನನ್ನ ಮಗಳು ನೇತ್ರಾಳಿಗೆ 'ಮಡಿಯ ಮಗಳು' ಎಂಬ ಬಿರುದು ಕೊಡುತ್ತೀರಿ ಎಂದು ತಿಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಯಾಕೆ ಕೊಡುತ್ತೀರಿ? ಗುಡಿಯ ಮೆಟ್ಟಿಲನ್ನು ಅವಳಷ್ಟು ತಿಕ್ಕಿ ತೊಳೆಯುವವರು ಇನ್ನೊಬ್ಬರು ಸಿಗುವುದಿಲ್ಲ ಎಂದೇ? ನಿಮ್ಮ ಮೇಲೆ ನನಗೆ ಸಂಶಯ ಉಂಟು.

ನೇತ್ರಾ ಸಣ್ಣವಳಿದ್ದಾಗಲೇ ಬಾಗಲಕೋಟೆಯ ಡಾಕ್ಟರು ಆಟಿಸಂ ಎಂದರು. ಅವರ ಮೇಲೂ ಸಂಶಯವಿತ್ತು. ನೂಲು ಸುತ್ತಿದ ಕಂಡಿಕೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತ ಕೂತಳೆಂದರೆ ಅವಳು ಗುನುಗುವುದು ಓಣಿಗೆಲ್ಲ ಕೇಳುತ್ತಿತ್ತು. ಯಾರಾದರೂ ಒಂದನ್ನು ಸರಿಸಿದರೆ ರಂಪ ಮಾಡುತ್ತಿದ್ದಳು, ನಿಜ. ಮತ್ತೆ ಜೋಡಿಸಿದಳೆಂದರೆ ಮತ್ತೆ ಗುನುಗು. ಅದು ಅವಳ ಸಂತೋಷ, ನಮಗೂ ಸಂತೋಷ.

ಹೋದ ವರ್ಷ ತೊಳೆಯುವುದು ಶುರುವಾಯಿತು. ಮೊದಲು ಕೈ, ಆಮೇಲೆ ಕೊಡ, ಹೊಸ್ತಿಲು, ಕೊನೆಗೆ ನಿಮ್ಮ ಗುಡಿಯ ಮೆಟ್ಟಿಲು. ನನ್ನ ಅಕ್ಕ ಬಾಳವ್ವ, ಅಗೋ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಕೈಮುಗಿದು ಅಂದಳು: "ಎಷ್ಟ ಮಡಿ ಐತಪಾ ಈ ಹುಡುಗಿದು! ದೇವರ ಕೂಸು ಅದು." ನನ್ನ ಹೆಂಡತಿ ಮಹಾನಂದಾ ಅಂದಳು: "ಅಕಿ ಮೊದಲಿಂದನೂ ಹಂಗ ಅಲ್ಲೇನ್ರಿ, ಬಿಡ್ರಿ." ಎಲ್ಲರಿಗೂ ಸಮಾಧಾನವಾಯಿತು. ನನಗೆ ಯಾಕೆ ಆಗಲಿಲ್ಲ? ತೊಳೆಯುವಾಗ ಅವಳು ಗುನುಗುತ್ತಿರಲಿಲ್ಲ. ಅಳುತ್ತಿದ್ದಳು. ನೀವು ಅದನ್ನು ಭಕ್ತಿಯ ಕಣ್ಣೀರು ಎಂದಿರಿ, ಅಧ್ಯಕ್ಷರೇ.

ಮತ್ತೆ ಬಾಗಲಕೋಟೆಗೆ ಹೋದೆವು. ಈ ಸಲ ಇದ್ದ ಡಾಕ್ಟರಮ್ಮ ಹೇಳಿದರು: "ಖುಷಿಲೆ ಮಾಡ್ತಾಳೋ, ಅಂಜಿ ಮಾಡ್ತಾಳೋ, ಅದನ್ನ ನೋಡ್ರಿ. ಈ ತೊಳಿಯೂದು ಓಸಿಡಿ, ಅಂಜಿಕಿಗೆ ಮಾಡಿದ್ದನ್ನ ಮತ್ತ ಮತ್ತ ಮಾಡಸೂ ಬ್ಯಾನಿ. ಒಬ್ಬರೊಳಗ ಆಟಿಸಂ, ಓಸಿಡಿ ಎರಡೂ ಇರಬಹುದು." ಒಂದೇ ಕೂಸಿಗೆ ಎರಡು ಹೆಸರೇ ಎಂದು ಅವರನ್ನೂ ಕೆಣಕಿ ನೋಡಿದೆ. ಸಿಟ್ಟಾಗಲಿಲ್ಲ. ಕಂಡಿಕೆ ಜೋಡಿಸುವುದನ್ನು ತಡೆಯಬೇಡಿ, ಚಿಕಿತ್ಸೆ ಬೇಕಾದದ್ದು ತೊಳೆಯುವುದಕ್ಕೆ ಎಂದರು. ಆಮೇಲೆ ಇನ್ನೊಂದು ಮಾತು: "ತೊಳದು ಬಂದು ಅಕಿ 'ಹೋತೇನಪ್ಪಾ ಹೊಲಸು?' ಅಂತ ಕೇಳಿದರ 'ಹೋತವ್ವಾ' ಅನಬ್ಯಾಡ್ರಿ." ಹಾಗೆ ಅಂದಷ್ಟೂ ಅಂಜಿಕೆ ಬೆಳೆಯುತ್ತದಂತೆ. ಅಳುವ ಮಗಳ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಂಥ ಕಷ್ಟ, ನಿಮಗೆ ಗೊತ್ತೇ?

ಈಗ ನೋಡಿ, ಸನ್ಮಾನದ ಕುರ್ಚಿ ಖಾಲಿ ಇದೆ. ಅಧ್ಯಕ್ಷರು ಹಾರ ಹಾಕಿ, ತಲೆ ಮುಟ್ಟಿ ಹರಸಿದ ಕೂಡಲೇ ನೇತ್ರಾ ಎದ್ದು ಹೋದಳು. ವೇದಿಕೆಯ ಹಿಂದಿನ ನಲ್ಲಿಯ ಸದ್ದು ನಿಮಗೂ ಕೇಳುತ್ತಿದೆ. ಬಿರುದಿನ ಫಲಕವನ್ನು ಇಲ್ಲೇ ವಾಪಸು ಕೊಡುತ್ತಿದ್ದೇನೆ. ಇದನ್ನು ಮನೆಯ ಗೋಡೆಗೆ ತೂಗುಹಾಕಿದರೆ ಅವಳ ಅಂಜಿಕೆಗೆ ಊರೆಲ್ಲ ಸೇರಿ ಹೌದು ಎಂದಂತೆ. ಮೆಟ್ಟಿಲನ್ನು ನಾಳೆಯಿಂದ ಸಮಿತಿಯವರೇ ತೊಳೆಯಲಿ.

ತಾಳ್ಮೆಯಿಂದ ಕೇಳಿದಿರಿ, ದೊಡ್ಡ ಉಪಕಾರವಾಯಿತು. ಇನ್ನೇನು ನಲ್ಲಿ ನಿಲ್ಲುತ್ತದೆ. ಅವಳು ಬರುತ್ತಾಳೆ, ಒದ್ದೆ ಕೈ ಚಾಚಿ ನಿಮ್ಮನ್ನೂ ಕೇಳುತ್ತಾಳೆ. ಸಭಿಕರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಯಾರೂ 'ಹೋತವ್ವಾ' ಅನ್ನಬೇಡಿ. ನಾನೇ ಅನ್ನಲು ಹೊರಟರೆ ಯಾರಾದರೂ ನನ್ನ ಬಾಯಿ ಮುಚ್ಚಿರಿ. ನಮಸ್ಕಾರ.